ಉದ್ಯಮ ಕಲಿಯುವ ಮಕ್ಕಳು, ನೌಕರಿ ಕೇಳುವ ಮನೆಗಳು

 

ಇವತ್ತಿನ ಗೋಷ್ಠಿಗೆ ನನಗೆ ಕೊಟ್ಟಿರುವ ವಿಷಯ ‘ಕಾಯಕ ಮತ್ತು ಇಂದಿನ ಯುವಕರು’. ನಾನು ವಾಣಿಜ್ಯಶಾಸ್ತ್ರ ಕಲಿಸುವವನು. ತತ್ವ ಹೇಳಲು ಇಲ್ಲಿ ನನಗಿಂತ ತಿಳಿದವರಿದ್ದಾರೆ. ಹಾಗಾಗಿ ನನಗೆ ಗೊತ್ತಿರುವ ಒಂದು ಮೂಲೆಯಿಂದ ಮಾತಾಡುತ್ತೇನೆ. ಬಿಬಿಎ, ಬಿಕಾಂ, ಎಂಬಿಎ, ಇಂಜಿನಿಯರಿಂಗ್ ತರಗತಿಗಳಲ್ಲಿ ಈಗ ‘ಉದ್ಯಮಶೀಲತೆ’ ಎಂಬ ವಿಷಯ ಬಂದಿದೆ. ಅದನ್ನು ಕಲಿತರೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ, ಇಷ್ಟೇ ನನ್ನ ಮಾತು.

ಮೊದಲು ಸಿಗದಿರುವುದನ್ನು ಹೇಳಿಬಿಡುತ್ತೇನೆ. ಪದವಿಪತ್ರ ಯಾರನ್ನೂ ಉದ್ಯಮಿ ಮಾಡುವುದಿಲ್ಲ. ಷುಂಪೀಟರ್ ಏನೆಂದ ಎಂದು ಬಾಯಿಪಾಠ ಮಾಡಿ ಹತ್ತು ಅಂಕ ಪಡೆದ ಹುಡುಗ ಒಂದು ದಿನವೂ ಒಂದು ಪೆನ್ಸಿಲ್ ಮಾರಿರುವುದಿಲ್ಲ. ನಮ್ಮ ಎಷ್ಟೋ ಕಾಲೇಜುಗಳಲ್ಲಿ ಪಾಠ ಹೀಗೇ ನಡೆದಿದೆ. ಈಜನ್ನು ಕರಿಹಲಗೆಯ ಮೇಲೆ ಕಲಿಸಿದ ಹಾಗೆ.

ಆದರೆ ಸರಿಯಾಗಿ ಕಲಿಸಿದರೆ ಇದರಲ್ಲಿ ಹುರುಳಿದೆ. ಒಂದು ಲೆಕ್ಕ ಹೇಳುತ್ತೇನೆ, ತಾಯಂದಿರು ಗಮನಿಸಬೇಕು. ಒಬ್ಬ ತಂಗಿ ಜೋಳದ ರೊಟ್ಟಿ ಮಾಡಿ ಖಾನಾವಳಿಗೆ ಕೊಡುತ್ತಾಳೆ ಎನ್ನಿ. ದಿನಕ್ಕೆ 200 ರೊಟ್ಟಿ, ರೊಟ್ಟಿಗೆ 8 ರೂಪಾಯಿ, ಒಟ್ಟು 1,600. ಹಿಟ್ಟು, ಗ್ಯಾಸು, ಪ್ಯಾಕಿಂಗು, ಆಟೋ ಸೇರಿ 800 ಖರ್ಚು. ಉಳಿದ 800 ಲಾಭ ಎಂದು ಮನೆಯವರೆಲ್ಲ ಖುಷಿಪಡುತ್ತಾರೆ. ನಾವು ತರಗತಿಯಲ್ಲಿ ಕೇಳುವ ಪ್ರಶ್ನೆ ಬೇರೆ: ರೊಟ್ಟಿ ಬಡಿದವರು ಎಷ್ಟು ಜನ? ಅವಳು, ಅವಳ ನೆಗೆಣ್ಣಿ, ಇಬ್ಬರು. ಇಬ್ಬರಿಗೂ ದಿನಕ್ಕೆ 400 ರೂಪಾಯಿ ಕೂಲಿ ಹಿಡಿದರೆ ಲಾಭ ಸೊನ್ನೆ. ಹಾಗಾದರೆ ಈ ಉದ್ಯಮ ನಷ್ಟದ್ದೇ? ಅಲ್ಲ. ಬೆಲೆ ತಪ್ಪಾಗಿದೆ. ಮನೆ ಹೆಂಗಸಿನ ದುಡಿಮೆಗೆ ಬೆಲೆಯೇ ಇಲ್ಲ ಎಂದುಕೊಂಡು ರೊಟ್ಟಿಗೆ ಬೆಲೆ ಕಟ್ಟಿದ್ದಾರೆ. ಶರಣರು ಆ ಕಾಲದಲ್ಲೇ ಹೆಣ್ಣಿನ ಕಾಯಕಕ್ಕೆ ಗಂಡಿನ ಕಾಯಕದಷ್ಟೇ ಗೌರವ ಕೊಟ್ಟರು ಎಂದು ಭಾಷಣ ಮಾಡುವ ನಾವು, ಮನೆಯ ಲೆಕ್ಕದ ಪುಸ್ತಕದಲ್ಲಿ ಅದನ್ನು ಬರೆದಿಲ್ಲ.

ಇನ್ನೊಂದು ಪಾಠ ಉದ್ರಿಯದು. ಖಾನಾವಳಿಯವರು ‘ತಿಂಗಳ ಕೊನೆಗೆ ಕೊಡುತ್ತೇವೆ’ ಎನ್ನುತ್ತಾರೆ, ಎರಡು ತಿಂಗಳಾಗುತ್ತದೆ. ಪುಸ್ತಕದಲ್ಲಿ ಲಾಭವಿದ್ದೂ ಹಿಟ್ಟು ತರಲು ಕೈಯಲ್ಲಿ ಕಾಸಿರುವುದಿಲ್ಲ. ಸಣ್ಣ ಉದ್ಯಮಗಳು ಮುಳುಗುವುದು ಎಷ್ಟೋ ಸಲ ಹೀಗೆ. ಉದ್ಯಮ್ ಪೋರ್ಟಲ್‌ನಲ್ಲಿ ನೋಂದಾಯಿಸಿದ ಅತಿಸಣ್ಣ, ಸಣ್ಣ ತಯಾರಕರಿಗೆ 2006ರ ಕಾಯ್ದೆಯ ರಕ್ಷಣೆ ಇದೆ. ಸರಕು ಪಡೆದವರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು. ನೋಂದಣಿಗೆ ಒಂದು ರೂಪಾಯಿಯೂ ಬೇಡ. ಇದು ಗೊತ್ತಿದ್ದವರು ನಮ್ಮಲ್ಲಿ ಎಷ್ಟು ಮಂದಿ?

ಇದನ್ನು ಕಲಿತವರೆಲ್ಲ ನಾಳೆಯೇ ಕಂಪನಿ ತೆರೆಯಬೇಕಿಲ್ಲ. ನನ್ನ ಸಲಹೆ ಕೇಳುವ ವಿದ್ಯಾರ್ಥಿಗಳಿಗೆ, ಮೊದಲು ಎರಡು ಮೂರು ವರ್ಷ ಬೇರೆಯವರ ಸಣ್ಣ ಉದ್ಯಮದಲ್ಲಿ ದುಡಿಯಿರಿ ಎನ್ನುತ್ತೇನೆ. ದೊಡ್ಡ ಕಂಪನಿಯಲ್ಲಿ ಒಂದೇ ಕೆಲಸ ಕಾಣುತ್ತದೆ, ಸಣ್ಣದರಲ್ಲಿ ಎಲ್ಲವೂ. ಬ್ಯಾಂಕುಗಳಿಗೆ ಸಣ್ಣ ಉದ್ಯಮದ ಸಾಲದ ಅರ್ಜಿಯನ್ನು ತೂಗಿ ನೋಡಬಲ್ಲವರು ಬೇಕು. ರೈತ ಉತ್ಪಾದಕ ಕಂಪನಿಗಳಿಗೆ ವ್ಯವಸ್ಥಾಪಕರು ಬೇಕು. ದೇಶದಲ್ಲಿ ಇಂಥ 10,000 ಸಂಘಗಳನ್ನು ಕಟ್ಟುವ ಯೋಜನೆಯನ್ನು ಕೇಂದ್ರ ಸರ್ಕಾರ 2020ರಲ್ಲಿ ಶುರುಮಾಡಿತು. ರೈತನ ಮಗನೂ ಆಗಿ, ಲೆಕ್ಕವೂ ಬಲ್ಲವನಿಗೆ ಇದು ಹೇಳಿ ಮಾಡಿಸಿದ ಜಾಗ. ಅಪ್ಪನ ಕಿರಾಣಿ ಅಂಗಡಿಯನ್ನೋ ಗಾಣವನ್ನೋ ಮುಂದಿನ ತಲೆಮಾರಿಗೆ ಒಯ್ಯುವುದೂ ಉದ್ಯಮವೇ. ಪದವಿ ಇಲ್ಲದವರಿಗೆ ಬೇರೆ ದಾರಿಯಿದೆ: ಧಾರವಾಡದ ಸಿಡಾಕ್ ಸಂಸ್ಥೆ ಇದೆ, 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಇದೆ. ಅದೇ ಮಾದರಿಯ ಗ್ರಾಮೀಣ ತರಬೇತಿ ಸಂಸ್ಥೆಗಳನ್ನು ಬ್ಯಾಂಕುಗಳು ಜಿಲ್ಲೆಗಳಲ್ಲಿ ನಡೆಸುತ್ತವೆ.

ಉದ್ಯಮ ಎಂದರೆ ಒಬ್ಬನೇ ಹಣವಂತನಾಗುವುದು ಎಂದು ತಿಳಿಯಬೇಡಿ. ಗದುಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಕಟ್ಟಿದ್ದು ಕೃಷಿ ಪತ್ತಿನ ಸಹಕಾರ ಸಂಘ. ಸಾಹುಕಾರರ ಬಡ್ಡಿಗೆ ರೈತರು ಹುಡುಕಿಕೊಂಡ ಉತ್ತರ ಅದು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೆಎಲ್ಇ ಸಂಸ್ಥೆಯನ್ನು ಕಟ್ಟಿದರು, ಅದೂ ಉದ್ಯಮವೇ. ಈ ಎರಡನ್ನೂ ತರಗತಿಯಲ್ಲಿ ಪಾಠ ಮಾಡಬೇಕಿತ್ತು. ನಾವು ಅಮೆರಿಕದ ಉದಾಹರಣೆಗಳನ್ನೇ ಹೇಳುತ್ತೇವೆ.

ಈಗ ಕಷ್ಟದ ಪ್ರಶ್ನೆಗೆ ಬರುತ್ತೇನೆ. ಲಾಭ ಮಾಡುವುದು ಕಾಯಕಕ್ಕೆ ಸಲ್ಲುತ್ತದೆಯೇ? ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಹಿಂದಿರುಗಿಸಲು ಕಳಿಸಿದ ಕಥೆ ನಮಗೆಲ್ಲ ಗೊತ್ತು. ಅದನ್ನು ಹೇಳಿಕೊಂಡು ‘ವ್ಯಾಪಾರ ಶರಣರಿಗೆ ಒಪ್ಪದು’ ಎನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಬಸವಣ್ಣನವರು ಸ್ವತಃ ಭಂಡಾರದ ಲೆಕ್ಕ ಬಲ್ಲವರಾಗಿದ್ದರು. ಲಕ್ಕಮ್ಮ ಬೇಡ ಎಂದದ್ದು ದುಡಿಮೆಯನ್ನಲ್ಲ, ನಾಳೆಗೆಂದು ಕೂಡಿಡುವ ಆಸೆಯನ್ನು. ಆದರೂ ಒಪ್ಪಿಕೊಳ್ಳಬೇಕು, ಉದ್ಯಮಕ್ಕೆ ನಾಳೆಯ ಬಂಡವಾಳ ಬೇಕೇ ಬೇಕು. ಕಥೆಗೂ ಇದಕ್ಕೂ ಇರುವ ಬಿಗಿ ಪೂರ್ತಿ ಸಡಿಲವಾಗುವುದಿಲ್ಲ. ಕೂಡಿಟ್ಟದ್ದು ಎಲ್ಲಿ ಹೋಯಿತು ಎಂದು ವರ್ಷಕ್ಕೊಮ್ಮೆ ನೋಡಬಹುದು: ಕೆಲಸಗಾರರಿಗೆ ಕೂಲಿ ಹೊತ್ತಿಗೆ ಸರಿಯಾಗಿ ಹೋಯಿತೇ, ತೂಕ ಸರಿ ಇತ್ತೇ, ಕೆಲಸಕ್ಕೆ ತೆಗೆದುಕೊಳ್ಳುವಾಗ ‘ನಮ್ಮವನೇ’ ಎಂದು ಒಳಪಂಗಡ ಕೇಳಿದೆವೇ? ವರ್ಷವಿಡೀ ಕೂಲಿ ಹಿಡಿದಿಟ್ಟುಕೊಂಡು ಜಾತ್ರೆಯಲ್ಲಿ ಅನ್ನ ಹಾಕಿದರೆ ಅದನ್ನು ದಾಸೋಹ ಎನ್ನಲು ನನ್ನ ನಾಲಿಗೆ ಬರುವುದಿಲ್ಲ.

ಮನೆಗಳ ಮಾತು. ಧಾರವಾಡದ ಬಾಡಿಗೆ ಕೋಣೆಯಲ್ಲಿ ಐದಾರು ವರ್ಷ ಪರೀಕ್ಷೆಗೆ ಓದುವ ಹುಡುಗನನ್ನು ಬೀಗರು ‘ಸರ್ಕಾರಿ ನೌಕರಿ ಆಗಬಹುದು’ ಎಂದು ಕಾಯುತ್ತಾರೆ. ಹಾಲಿನ ಡೈರಿ ನಡೆಸಿ ನಾಲ್ಕು ಜನಕ್ಕೆ ಕೂಲಿ ಕೊಡುವ ಹುಡುಗನಿಗೆ ಹೆಣ್ಣು ಕೊಡಲು ಹಿಂದೆ ಮುಂದೆ ನೋಡುತ್ತಾರೆ. ಎಲ್ಲ ಕಾಯಕವೂ ಸಮ ಎನ್ನುವ ಧರ್ಮದ ಮನೆಗಳಿವು. ಹೆಣ್ಣುಮಕ್ಕಳ ಪಾಡು ಇನ್ನೂ ಬೇರೆ. ಬಿಬಿಎಯಲ್ಲಿ ಮೊದಲ ಸಾಲಿನಲ್ಲಿ ಕೂತ ಹುಡುಗಿಗೆ ಅಪ್ಪನ ಅಂಗಡಿಯ ಗಲ್ಲಾಪೆಟ್ಟಿಗೆಯ ಕೀಲಿ ಸಿಗುವುದಿಲ್ಲ, ತಮ್ಮನಿಗೆ ಸಿಗುತ್ತದೆ.

ಪೂಜ್ಯರಲ್ಲಿ ಒಂದು ಬಿನ್ನಹ. ಮಠದ ದಾಸೋಹದ ಅಡುಗೆಮನೆಯಲ್ಲಿ ದಿನವೂ ಅಕ್ಕಿ, ಬೇಳೆ, ಕಟ್ಟಿಗೆಯ ಲೆಕ್ಕ ನಡೆಯುತ್ತದೆ. ಪದವಿ ಓದುವ ನಿಲಯದ ಮಕ್ಕಳು ಒಂದೊಂದು ತಿಂಗಳು ಸರದಿಯಲ್ಲಿ ಆ ಲೆಕ್ಕ ಬರೆಯಲಿ. ಮುಂದಿನ ಜಾತ್ರೆಯಲ್ಲಿ ನಾಲ್ಕು ಅಂಗಡಿಯ ಜಾಗವನ್ನು ಬಾಡಿಗೆಯಿಲ್ಲದೆ ಅವರಿಗೆ ಬಿಟ್ಟುಕೊಡಿ, ಎರಡು ಹುಡುಗಿಯರಿಗೇ ಮೀಸಲಿರಲಿ. ಖರೀದಿ, ಬೆಲೆ, ಮಾರಾಟ, ಉಳಿದ ಸರಕು, ಎಲ್ಲವನ್ನೂ ಅವರೇ ನೋಡಿಕೊಳ್ಳಲಿ. ನಷ್ಟವಾದರೆ ಆಗಲಿ. ಜಾತ್ರೆ ಮುಗಿದ ಮೇಲೆ ಬರುವ ಗೋಷ್ಠಿಯಲ್ಲಿ ಇದೇ ವೇದಿಕೆಯ ಮೇಲೆ ಆ ಲೆಕ್ಕವನ್ನು ಓದಿಸೋಣ. ಅದನ್ನು ಪರಿಶೀಲಿಸಿಕೊಡುವ ಕೆಲಸ ನನಗಿರಲಿ.