ಕಂಡೆನ್ಸರು



ಡೊಂಬಿವಲಿಯ ಸೆಕೆಯಲ್ಲಿ ಫ್ಯಾನು ನಿಂತಿತೆಂದರೆ ಸಂಸಾರವೇ ನಿಂತಂತೆ. ಸ್ವಿಚ್ಚು ಹಾಕಿದರೆ ಗುಂಯ್ ಎನ್ನುತ್ತದೆ, ತಿರುಗದು; ಕೋಲಿನಿಂದ ನೂಕಿದರೆ ಒಲ್ಲದ ಮನಸ್ಸಿನಿಂದ ಹೊರಡುತ್ತದೆ. ಮಿಸ್ತ್ರಿ ಬಂದು "ಕಂಡೆನ್ಸರ್ ಗೇಲಾ" ಎನ್ನುತ್ತಾನೆ. ಹೋದದ್ದೇನೆಂಬುದೇ ಇಂದಿನ ವಿಷಯ.

ಎರಡು ಲೋಹದ ಹಾಳೆಗಳು, ನಡುವೆ ವಿದ್ಯುತ್ತನ್ನು ಹರಿಯಗೊಡದ ಒಂದು ತೆರೆ, ಕಂಡೆನ್ಸರೆಂದರೆ ಇಷ್ಟೇ. ಒಂದು ಹಾಳೆಯಲ್ಲಿ ಧನ, ಇನ್ನೊಂದರಲ್ಲಿ ಋಣ ವಿದ್ಯುತ್ತು ಸೇರಿ, ಒಂದನ್ನೊಂದು ಸೆಳೆಯುತ್ತ ಅಲ್ಲಿಯೇ ನಿಲ್ಲುತ್ತವೆ. 1782ರಲ್ಲಿ ಇಟಲಿಯ ವೋಲ್ಟಾ ಇದಕ್ಕೆ 'ಸಾಂದ್ರಗೊಳಿಸುವಂಥದು' ಎಂಬರ್ಥದ ಹೆಸರನ್ನಿಟ್ಟನು. ನಮ್ಮ ಪಠ್ಯಪುಸ್ತಕಗಳ 'ಧಾರಕ'ವೇ ಹೆಚ್ಚು ಒಪ್ಪುವ ಮಾತೆಂದು ನನ್ನ ಎಣಿಕೆ. ಆದರೆ ಮಿಸ್ತ್ರಿಯ ಮುಂದೆ ಹಾಗೆಂದರೆ ಅವನು ಗಾಬರಿಯಾದಾನು!

ಮನೆಯ ಸಿಂಗಲ್ ಫೇಸ್ ವಿದ್ಯುತ್ತು ಓಡುತ್ತಿರುವ ಮೋಟಾರನ್ನು ಓಡಿಸಬಲ್ಲುದು. ನಿಂತದ್ದನ್ನು ತಾನಾಗಿ ಹೊರಡಿಸಲಾರದು. ಅದಕ್ಕೆಂದೇ ಫ್ಯಾನಿನಲ್ಲಿ ಎರಡನೆಯ ತಂತಿಸುತ್ತೊಂದಿದೆ. ಕಂಡೆನ್ಸರಿನ ಮೂಲಕ ಅದಕ್ಕೆ ಹೋಗುವ ವಿದ್ಯುತ್ತಿನ ಅಲೆ ಮೊದಲನೆಯದಕ್ಕಿಂತ ಕೊಂಚ ಮುಂದಿರುತ್ತದೆ. ಎರಡು ಸುತ್ತುಗಳೂ ಒಂದರ ಹಿಂದೊಂದರಂತೆ ಎಳೆದಾಗ ರೆಕ್ಕೆ ತಿರುಗುತ್ತದೆ. ಸಾಧಾರಣ ಫ್ಯಾನಿನಲ್ಲಿ ಇದರ ಅಳತೆ ಸುಮಾರು 2.5 ಮೈಕ್ರೋಫ್ಯಾರಡ್. ವರ್ಷಗಳು ಸಂದಂತೆ ಇದು ಕ್ಷೀಣಿಸುತ್ತದೆ, ಫ್ಯಾನೂ ಮಂದವಾಗುತ್ತದೆ. ಮೋಟಾರನ್ನು ರಿವೈಂಡಿಂಗಿಗೆ ಕೊಡುವ ಮುನ್ನ ಈ ಪುಟ್ಟ ಡಬ್ಬಿಯನ್ನು ಬದಲಿಸಿ ನೋಡಿರಿ; ಖರ್ಚು ಬಹಳ ಕಡಿಮೆ.

ನಾವು ಜೋತು ಹೋಗುವ ಲೋಕಲ್ ಗಾಡಿಯಲ್ಲಿಯೂ ಇದುಂಟು. ಮುಂಬಯಿ–ಕಲ್ಯಾಣ ಮಾರ್ಗವು 1500 ವೋಲ್ಟಿನ ಡಿ.ಸಿ.ಯಿಂದ 25,000 ವೋಲ್ಟಿನ ಎ.ಸಿ.ಗೆ ಪೂರ್ತಿಯಾಗಿ ಬದಲಾದದ್ದು 2015ರಲ್ಲಿ. ಗಾಡಿಯೊಳಗೆ ಆ ಎ.ಸಿ.ಯನ್ನು ತಗ್ಗಿಸಿ ಡಿ.ಸಿ. ಮಾಡಿದಾಗ ಉಳಿಯುವ ಏರಿಳಿತವನ್ನು ದೊಡ್ಡ ಕಂಡೆನ್ಸರುಗಳು ಸಮಮಾಡುತ್ತವೆ. ಮುನಿಸಿಪಾಲಿಟಿಯ ನೀರು ಬಿಟ್ಟು ಬಿಟ್ಟು ಬಂದರೂ ಮಾಳಿಗೆಯ ಟಾಕಿಯಿಂದ ಒಂದೇ ಸಮನೆ ಧಾರೆ ಇಳಿಯುವುದಿಲ್ಲವೆ, ಹಾಗೆ. ಎಂ.ಐ.ಡಿ.ಸಿ. ಕಾರ್ಖಾನೆಗಳಲ್ಲಿಯೂ ಊರಿನ ಪಂಪ್‌ಸೆಟ್ಟುಗಳಲ್ಲಿಯೂ ಮೋಟಾರಿನ ಪಕ್ಕದಲ್ಲಿಟ್ಟ ಕಂಡೆನ್ಸರು ತಂತಿಯ ಮೇಲಿನ ವ್ಯರ್ಥ ಹೊರೆಯನ್ನು ತಗ್ಗಿಸುತ್ತದೆ.

ತಾಯಂದಿರು ಮುಖ್ಯವಾಗಿ ಕೇಳಬೇಕಾದುದು ಮುಂದಿದೆ. ಸ್ವಿಚ್ಚು ತೆಗೆದರೂ ಕಂಡೆನ್ಸರು ತುಂಬಿಯೇ ಇರಬಹುದು. ಮೈಕ್ರೋವೇವ್ ಒಲೆಯೊಳಗಿನದು ಎರಡು ಸಾವಿರ ವೋಲ್ಟಿನ ಆಸುಪಾಸಿನದು. ಪ್ಲಗ್ಗು ಕಿತ್ತ ಮೇಲೂ ಪ್ರಾಣ ತೆಗೆದೀತು. ದೀಪಾವಳಿಯ ಶುಚಿಗೆಂದು ಅದರ ಸ್ಕ್ರೂ ಬಿಚ್ಚಹೊರಡುವ ಉತ್ಸಾಹಿ ಹುಡುಗರನ್ನು ದಯವಿಟ್ಟು ತಡೆಯಿರಿ. ಅವರಿಗೆ ಬೇರೆ ಆಟ ಕೊಡೋಣ: 9 ವೋಲ್ಟಿನ ಬ್ಯಾಟರಿ, 1000 ಮೈಕ್ರೋಫ್ಯಾರಡ್, 16 ವೋಲ್ಟಿನ ಕಂಡೆನ್ಸರು, 1000 ಓಮಿನ ರೆಸಿಸ್ಟರಿನೊಡನೆ ಜೋಡಿಸಿದ ಪುಟ್ಟ ಎಲ್.ಇ.ಡಿ. ದೀಪ. ಧನ–ಋಣ ತುದಿಗಳು ತಪ್ಪದಂತೆ ಸೇರಿಸಬೇಕು. ಬ್ಯಾಟರಿಯನ್ನು ಕಿತ್ತ ಮೇಲೂ ದೀಪ ಕ್ಷಣಹೊತ್ತು ಉರಿದು ಮೆಲ್ಲಗೆ ಆರುತ್ತದೆ.