ಯುಸಿ ಕೊಟ್ಟಾಯ್ತು, ಲೆಕ್ಕ ಕೊಟ್ಟ ಹಾಗಾಯ್ತಾ?



ಇವತ್ತಿನ ವಿಷಯ ಸ್ವಲ್ಪ ಒಣ ವಿಷಯ: ಸರ್ಕಾರ ಸಂಘ-ಸಂಸ್ಥೆಗಳಿಗೆ ಕೊಡುವ ಅನುದಾನ, ಮತ್ತೆ ಅದರ ಲೆಕ್ಕ. ಇದು ನಮಗೆ ಸಂಬಂಧವಿಲ್ಲದ್ದು ಅಂತ ಅಂದ್ಕೋಬೇಡಿ. ಕರ್ನಾಟಕದ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಹೊರನಾಡಿನ ಕನ್ನಡ ಸಂಘಗಳಿಗೂ ಧನಸಹಾಯ ಕೊಡುತ್ತೆ. ಪುಣೆಯಲ್ಲೋ ಹೈದರಾಬಾದಿನಲ್ಲೋ ನಾವು ರಾಜ್ಯೋತ್ಸವ ಅಂತ ಹೋಗಿ ಕೂತ ಸಭಾಂಗಣದ ಬಾಡಿಗೆಯಲ್ಲಿ, ನಮ್ಮ ಮಕ್ಕಳ ಕನ್ನಡ ತರಗತಿಯ ಖರ್ಚಿನಲ್ಲಿ ಆ ದುಡ್ಡು ಇರಬಹುದು. ಅದು ಹಾವೇರಿಯ ರೈತರೊಬ್ಬರು ಟ್ರ್ಯಾಕ್ಟರಿಗೆ ಡೀಸೆಲ್ ಹಾಕಿಸುವಾಗ ಕಟ್ಟಿದ ತೆರಿಗೆ. ಅವರು ಪುಣೆಗೆ ಬಂದು ಲೆಕ್ಕ ಕೇಳೋದಿಲ್ಲ. ಹಾಗಾದ್ರೆ ಕೇಳಬೇಕಾದವರು ಯಾರು?

ಇಲಾಖೆ ಕೇಳುತ್ತಲ್ಲ ಅಂತೀರಿ. ಕೇಳುತ್ತೆ. ಹೇಗೆ ಕೇಳುತ್ತೆ ಅನ್ನೋದನ್ನ ಮೊದಲು ನೋಡೋಣ.

ಅನುದಾನ ಪಡೆದ ಸಂಸ್ಥೆ ಕೊನೆಯಲ್ಲಿ ಒಂದು ಹಣ ಬಳಕೆ ಪ್ರಮಾಣಪತ್ರ ಕೊಡಬೇಕು. ಎಲ್ಲರ ಬಾಯಲ್ಲೂ ಅದು ಯುಸಿ, ಯುಟಿಲೈಸೇಶನ್ ಸರ್ಟಿಫಿಕೇಟ್. ರಾಜ್ಯಗಳಿಗೆ ತಮ್ಮದೇ ಆರ್ಥಿಕ ಸಂಹಿತೆ ಇರುತ್ತೆ. ಕೇಂದ್ರ ಸರ್ಕಾರದ ಅನುದಾನಕ್ಕೆ 2017ರ ಸಾಮಾನ್ಯ ಹಣಕಾಸು ನಿಯಮಗಳಿವೆ, ಜಿಎಫ್ಆರ್ ಅಂತಾರೆ. ಅದರ ಪ್ರಕಾರ ಆರ್ಥಿಕ ವರ್ಷ ಮುಗಿದ 12 ತಿಂಗಳೊಳಗೆ ಯುಸಿ ಬರಬೇಕು. ನಮೂನೆ 12-ಎ ತೆಗೆದು ನೋಡಿ: ಎಷ್ಟು ಬಂತು, ಎಷ್ಟು ಖರ್ಚಾಯ್ತು, ಎಷ್ಟು ಉಳೀತು, ಬಡ್ಡಿ ಎಷ್ಟು. ಕೆಳಗೆ, ಕೆಲಸ ಷರತ್ತಿನ ಪ್ರಕಾರವೇ ಆಗಿದೆ ಅಂತ ಒಂದು ದೃಢೀಕರಣ. ಅದಕ್ಕೆ ಸಹಿ ಹಾಕೋರು ಯಾರು? ದುಡ್ಡು ತಗೊಂಡ ಸಂಸ್ಥೆಯವರೇ.

ನಾನು ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡೋನು. ನಮ್ಮ ಕಡೆ ಕೋಡ್ ಬರೆದವರೇ ಟೆಸ್ಟ್ ಮಾಡಿ, ಅವರೇ ಟಿಕೆಟ್ ಕ್ಲೋಸ್ ಮಾಡಿದ್ರೆ ಯಾರಾದ್ರೂ ರಿಲೀಸ್ ಮಾಡ್ತಾರಾ? ಟಿಕೆಟ್ ಕ್ಲೋಸ್ ಆಗಿದೆ ಅಂದ್ರೆ ಟಿಕೆಟ್ ಕ್ಲೋಸ್ ಆಗಿದೆ ಅಂತ ಅಷ್ಟೇ ಅರ್ಥ. ಫೀಚರ್ ಕೆಲಸ ಮಾಡ್ತಿದೆಯಾ ಅನ್ನೋದು ಬೇರೆ ಪ್ರಶ್ನೆ. ಯುಸಿಯೂ ಹಾಗೇ. ದುಡ್ಡು ಖರ್ಚಾಗಿದೆ ಅಂತ ಅದು ಹೇಳುತ್ತೆ. ತರಗತಿ ನಡೀತಾ, ಎಷ್ಟು ಮಕ್ಕಳು ಬಂದ್ರು, ವರ್ಷದ ಕೊನೆಗೆ ಅವರಿಗೆ ಕನ್ನಡ ಓದೋಕೆ ಬಂತಾ ಅನ್ನೋದು ಆ ಅಂಕಿಗಳಲ್ಲಿ ಇರೋದಿಲ್ಲ.

ಸರಿ, ಆ ಸರ್ಟಿಫಿಕೇಟಾದ್ರೂ ಬರುತ್ತಾ? ಸಿಎಜಿಯವರು ರಾಜ್ಯಗಳ ಹಣಕಾಸಿನ ಬಗ್ಗೆ ಬರೆಯುವ ವರದಿಗಳಲ್ಲಿ ಬಾಕಿ ಯುಸಿಗಳ ಪ್ರಸ್ತಾಪ ಮತ್ತೆ ಮತ್ತೆ ಬರುತ್ತೆ. ಇನ್ನು ಸ್ವಯಂಸೇವಾ ಸಂಸ್ಥೆಗಳ ಒಟ್ಟಾರೆ ಸ್ಥಿತಿ ನೋಡಿ. ಒಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ವಿಚಾರಣೆಯಲ್ಲಿ ಸಿಬಿಐ ಸುಪ್ರೀಂ ಕೋರ್ಟಿಗೆ ಒಂದು ಲೆಕ್ಕ ಕೊಟ್ಟಿತ್ತು: ದೇಶದಲ್ಲಿ ಇಂಥ ಸಂಸ್ಥೆಗಳು ಸುಮಾರು 30 ಲಕ್ಷ, ಅದರಲ್ಲಿ ವಾರ್ಷಿಕ ಲೆಕ್ಕಪತ್ರ ಸಲ್ಲಿಸ್ತಿದ್ದದ್ದು ಹೆಚ್ಚುಕಮ್ಮಿ ಹತ್ತರಲ್ಲಿ ಒಂದು. 2017ರ ಜನವರಿಯಲ್ಲಿ ಕೋರ್ಟು, ಅನುದಾನ ಪಡೆದವರ ಲೆಕ್ಕ ತಪಾಸಣೆ ಮಾಡಿ ಅಂತ ಸರ್ಕಾರಕ್ಕೆ ಹೇಳಬೇಕಾಯ್ತು.

ಇದನ್ನ ಕೇಳಿದ ತಕ್ಷಣ 'ನಿಯಮ ಬಿಗಿ ಮಾಡಿ' ಅಂತ ಅನ್ನಿಸುತ್ತೆ. ನನಗೆ ಅದರಲ್ಲಿ ಪೂರ್ತಿ ನಂಬಿಕೆ ಇಲ್ಲ. ಬಿಗಿ ನಿಯಮ ಈಗಾಗಲೇ ಇದೆ. ಜಿಎಫ್ಆರ್ ಪ್ರಕಾರ ಸಾಮಾನ್ಯವಾಗಿ ಕಾರ್ಯಕಾರಿ ಸಮಿತಿಯವರಿಂದ ಬಾಂಡ್ ಬರೆಸಿಕೊಳ್ತಾರೆ. ಷರತ್ತು ಮೀರಿದ್ರೆ ಹಣವನ್ನ ಬಡ್ಡಿ ಸಮೇತ ವಾಪಸ್ ಕಟ್ಟುವ ಹೊಣೆ ಸಹಿ ಹಾಕಿದವರೆಲ್ಲರ ಮೇಲೂ ಒಟ್ಟಾಗಿಯೂ, ಒಬ್ಬೊಬ್ಬರಾಗಿಯೂ ಬರುತ್ತೆ. ಸಂಘದ ಖಜಾಂಚಿ ಆಗಿ ಅಂದಾಗ ಸಂಕೋಚಕ್ಕೆ 'ಹೂಂ' ಅಂದವರು ಇದನ್ನ ಒಮ್ಮೆ ಓದ್ಕೋಬೇಕು.

ಬಿಗಿ ಮಾಡಿದಷ್ಟೂ ಪೆಟ್ಟು ಬೀಳೋದು ಯಾರಿಗೆ? ದೊಡ್ಡ ಸಂಸ್ಥೆಗಳು ಅಕೌಂಟೆಂಟ್ ಇಟ್ಕೊಂಡು ಅಚ್ಚುಕಟ್ಟಾಗಿ ಫೈಲ್ ಮಾಡ್ತಾರೆ. ಭಾನುವಾರ ಬೆಳಿಗ್ಗೆ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಹದಿನೈದು ಮಕ್ಕಳಿಗೆ ಅಕ್ಷರ ಕಲಿಸುವ ಅಕ್ಕನ ಹತ್ತಿರ ಆಟೋ ಬಾಡಿಗೆಗೆ ರಸೀದಿ ಇರಲ್ಲ. ಕಾಗದ ಸರಿ ಇರೋರಿಗೆ ದುಡ್ಡು, ಕೆಲಸ ಸರಿ ಇರೋರಿಗೆ ನೋಟಿಸ್. ಹಾಗಾಗಬಾರದು.

ಅಂದ್ರೆ ಕಾಗದ ಬೇಡ ಅಂತಲ್ಲ. ಕಾಗದವನ್ನ ಕೆಲಸದ ಪಕ್ಕದಲ್ಲಿಟ್ಟು ನೋಡುವ ಕಣ್ಣು ಬೇಕು. ರಾಜಸ್ಥಾನದ ಪಾಲಿ ಜಿಲ್ಲೆಯ ಕೋಟ್ ಕಿರಾನಾದಲ್ಲಿ 1994ರ ಡಿಸೆಂಬರಿನಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಮಾಡಿದ್ದು ಅದನ್ನೇ. ಅದು ಪಂಚಾಯಿತಿ ಕಾಮಗಾರಿಯ ದುಡ್ಡು. ದಾಖಲೆಗಳನ್ನ ಊರವರ ಮುಂದೆ ಗಟ್ಟಿಯಾಗಿ ಓದಿದ್ರು, ಅಷ್ಟೇ. ಯಾರು ದುಡಿದಿದ್ರು, ಏನು ಕಟ್ಟಿದ್ರು ಅಂತ ಊರವರಿಗೆ ಗೊತ್ತಿತ್ತು. ಕಡತದಲ್ಲಿ ಸರಿ ಕಂಡದ್ದು ಜನರ ಮುಂದೆ ನಿಲ್ಲಲಿಲ್ಲ. ಮುಂದೆ ಮಾಹಿತಿ ಹಕ್ಕಿನ ಹೋರಾಟ ಬೆಳೆದದ್ದು ಇಂಥ ಜನ ಸುನ್ವಾಯಿಗಳಿಂದ.

ನಮ್ಮ ವಿಷಯಕ್ಕೆ ಬರೋಣ. ಬೆಂಗಳೂರಿನಲ್ಲಿ ಕೂತ ಅಧಿಕಾರಿ ಪ್ರತಿ ಊರಿನ ಪ್ರತಿ ಕಾರ್ಯಕ್ರಮಕ್ಕೂ ಬಂದು ಕುರ್ಚಿ ಎಣಿಸೋಕಾಗಲ್ಲ. ಅಲ್ಲಿ ಕೂತಿರೋರು ನಾವು. ತರಗತಿ ನಡೀತೋ ಇಲ್ವೋ ಅಂತ ನಮ್ಮ ಮಕ್ಕಳಿಗೇ ಗೊತ್ತು. ಆದ್ರೆ ಎಷ್ಟು ಮಂಜೂರಾಗಿತ್ತು, ಯಾವುದಕ್ಕೆ ಆಗಿತ್ತು ಅಂತ ನಮಗೆ ಗೊತ್ತಿಲ್ಲ. ಕಾಗದ ಒಂದು ಕಡೆ, ಕಣ್ಣು ಇನ್ನೊಂದು ಕಡೆ.

ಎರಡನ್ನೂ ಸೇರಿಸೋದು ಕಷ್ಟ ಅಲ್ಲ. ನಿಮ್ಮ ಸಂಘದ ವಾರ್ಷಿಕ ಸಭೆಯಲ್ಲಿ ಮೂರು ಪ್ರಶ್ನೆ ಕೇಳಿ. ಈ ವರ್ಷ ಸರ್ಕಾರದಿಂದ ಎಷ್ಟು ಬಂತು, ಮಂಜೂರಾತಿ ಆದೇಶದಲ್ಲಿ ಉದ್ದೇಶ ಏನಂತ ಇದೆ? ಅದೇ ಕೆಲಸಕ್ಕೆ ಬೇರೆ ಕಡೆಯಿಂದಲೂ ದುಡ್ಡು ಬಂದಿದೆಯಾ? ಕೊಟ್ಟ ಯುಸಿಯ ಪ್ರತಿಯನ್ನ ಸದಸ್ಯರ ಗ್ರೂಪಿಗೆ ಹಾಕ್ತೀರಾ?

ಉತ್ತರ ಬರದಿದ್ರೆ ಮಾಹಿತಿ ಹಕ್ಕು ಇದೆ. ಸರ್ಕಾರದಿಂದ ಗಣನೀಯವಾಗಿ ಹಣ ಪಡೆಯುವ ಸ್ವಯಂಸೇವಾ ಸಂಸ್ಥೆಗಳಿಗೂ ಈ ಕಾಯ್ದೆ ಅನ್ವಯ ಆಗುತ್ತೆ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಡಿಎವಿ ಕಾಲೇಜು ಪ್ರಕರಣದಲ್ಲಿ ಹೇಳಿದೆ. ನಿಮ್ಮ ಸಂಘ ಆ ಮಟ್ಟಕ್ಕೆ ಬರದಿದ್ರೂ ಪರವಾಗಿಲ್ಲ, ಅನುದಾನದ ಕಡತ ಇಲಾಖೆಯಲ್ಲಿ ಇರುತ್ತೆ, ಅಲ್ಲೇ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದದ ಮಿತಿ. ನೀವು ಯಾವ ರಾಜ್ಯದಲ್ಲಿದ್ರೂ ಭಾರತದ ನಾಗರಿಕರಾದ್ರೆ ಸಾಕು.

"ನಮ್ಮೋರೇ ಅಲ್ವಾ, ಹೊರಗಡೆ ಬಂದು ಕನ್ನಡದ ಕೆಲಸ ಮಾಡ್ತಿದ್ದಾರೆ, ಲೆಕ್ಕ ಕೇಳಿದ್ರೆ ಬೇಜಾರ್ ಮಾಡ್ಕೋತಾರೆ" ಅನ್ನೋ ಮಾತು ನಾನೂ ಕೇಳಿದ್ದೀನಿ. ಯೋಚನೆ ಮಾಡಿ. ಲೆಕ್ಕ ಕೇಳದ ಕಡೆ ಪ್ರಾಮಾಣಿಕ ಖಜಾಂಚಿಗೂ, ದುಡ್ಡು ಹೊಡೆದವನಿಗೂ ವ್ಯತ್ಯಾಸವೇ ಕಾಣಲ್ಲ. ಗುಸುಗುಸು ಇಬ್ಬರ ಮೇಲೂ ಒಂದೇ. ಕೊನೆಗೆ ಬೇಸತ್ತು ಬಿಟ್ಟು ಹೋಗೋದು ಪ್ರಾಮಾಣಿಕರೇ. ಎಲ್ಲರೆದುರಿಗೆ ಲೆಕ್ಕ ಓದಿಸಿದ್ರೆ ಅವರ ಹೆಸರು ಉಳಿಯುತ್ತೆ, ಮುಂದಿನ ವರ್ಷದ ಅನುದಾನ ಕೇಳೋಕೆ ಅವರಿಗೆ ಒಂದು ಬಲ ಬರುತ್ತೆ.

ಇಲ್ಲದಿದ್ರೆ ಆ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಈ ಸಲದ ವಾರ್ಷಿಕ ಸಭೆಗೆ ಊಟದ ಹೊತ್ತಿಗಲ್ಲ, ಲೆಕ್ಕಪತ್ರ ಮಂಡಿಸುವ ಹೊತ್ತಿಗೇ ಹೋಗಿ.