ಪಾಳಿ, ಪತ್ರ, ಪೌರತ್ವ

ಕೊಣ್ಣೂರ ದುಡಿಮೆಯನ್ನರಸಿ ಬಂದವರನ್ನು ಕಂಡ ಊರು. ಘಟಪ್ರಭೆಯ ಜಲಪಾತದ ಮಗ್ಗುಲಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ನೂಲಿನ ಗಿರಣಿ ಎದ್ದಿತು. ಸುತ್ತಲಿನ ಹಳ್ಳಿಗಳಿಂದ ಅಲ್ಲಿಗೆ ಕೆಲಸಕ್ಕೆ ಬಂದವರನ್ನು, ನೀವು ಯಾವ ಪ್ರಜೆ, ಎಷ್ಟು ದಿನ ಇರುತ್ತೀರಿ ಎಂದು ಯಾರೂ ಕೇಳಲಿಲ್ಲ. ಇಲ್ಲಿಂದ ಸೊಲ್ಲಾಪುರಕ್ಕೋ ಮುಂಬಯಿಗೋ ಹೋದವರನ್ನೂ ಕೇಳಲಿಲ್ಲ. ಸ್ವಾತಂತ್ರ್ಯದ ತರುವಾಯ ಸಂವಿಧಾನದ 19ನೆಯ ಅನುಚ್ಛೇದವು ದೇಶದ ಯಾವ ಮೂಲೆಯಲ್ಲಾದರೂ ಸಂಚರಿಸುವ, ನೆಲೆಸುವ ಹಕ್ಕನ್ನು ಪೌರರಿಗೆ ಕೊಟ್ಟಿತು. ಹೀಗಾಗಿ ವಲಸೆಯೆಂದರೆ ಗಂಟು ಕಟ್ಟಿ ರೈಲು ಹತ್ತುವುದು ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. ಇಂದು ಮಗನೋ ಮಗಳೋ ಅಮೆರಿಕೆಗೆ ಹೊರಟಾಗಲೂ ನಾವು ಅದೇ ತಿಳಿವಳಿಕೆಯಿಂದ, “ಅವನಿಗೆ ಅಮೆರಿಕ ಸಿಕ್ಕಿತು” ಎನ್ನುತ್ತೇವೆ. ಈ ಒಂದು ಮಾತಿನೊಳಗೆ ಮೂರು ಬೇರೆ ಬೇರೆ ಸಂಗತಿಗಳು ಅಡಗಿವೆಯೆಂಬುದನ್ನು ಇಂದು ತಮ್ಮ ಮುಂದಿಡಬೇಕೆಂದು ನನ್ನ ಬಯಕೆ.

ಮೊದಲನೆಯದು ವೀಸಾ. ಅದು ಬಾಗಿಲು ತಟ್ಟುವ ಅನುಮತಿ. ಓದಿಗೆ, ಕೆಲಸಕ್ಕೆ, ಭೇಟಿಗೆ ಎಂದು ಉದ್ದೇಶವನ್ನು ಗೊತ್ತುಪಡಿಸಿ ಕೊಟ್ಟದ್ದು. ಎರಡನೆಯದು ಕಾಯಂ ವಾಸದ ಹಕ್ಕು, ಜನರ ಬಾಯಲ್ಲಿ ಗ್ರೀನ್ ಕಾರ್ಡು. ಅದನ್ನು ಪಡೆದವನು ಅಲ್ಲಿ ನೆಲೆಸಬಹುದು, ದುಡಿಯಬಹುದು. ಆದರೆ ಭಾರತದ ಪೌರನಾಗಿಯೇ ಉಳಿಯುತ್ತಾನೆ. ಮೂರನೆಯದು ಪೌರತ್ವ. ಅಲ್ಲಿ ವ್ಯಕ್ತಿ ಹಳೆಯ ನಿಷ್ಠೆಯನ್ನು ತೊರೆಯುವೆನೆಂದು ಪ್ರತಿಜ್ಞೆ ಮಾಡಬೇಕು. ಮೊದಲ ಎರಡು ಪತ್ರಗಳ ಸಂಗತಿ. ಮೂರನೆಯದು ಮಾತಿನ ಸಂಗತಿ. ಕೊಟ್ಟ ಮಾತು ನಮ್ಮ ಮನೆಯ ಹೊಸ್ತಿಲವರೆಗೂ ಬಂದು ತಲುಪುತ್ತದೆ.

ಎರಡನೆಯ ಮೆಟ್ಟಿಲೇ ಬಹಳ ಎತ್ತರದ್ದು. ಅದನ್ನು ನಮ್ಮ ಸೀಮೆಯ ರೈತನಿಗೆ ತಿಳಿಸಿ ಹೇಳುವುದು ಕಷ್ಟವಲ್ಲ. ಧೂಪದಾಳದ ಒಡ್ಡಿನಿಂದ ಹೊರಟ ಕಾಲುವೆಯ ನೀರಿಗೆ ಪಾಳಿಯುಂಟು. ಪಾಳಿ ಬರುವವರೆಗೆ ಬೆಳೆ ಒಣಗಿದರೂ ಕಾಯಬೇಕು. ಅಮೆರಿಕದ ಕಾನೂನಿನಲ್ಲಿ ಅರ್ಜಿ ದಾಖಲಾದ ದಿನವೇ ಪಾಳಿಯ ದಿನ. ಆದರೆ ಅಲ್ಲಿ ಇನ್ನೊಂದು ಕಟ್ಟಳೆಯಿದೆ. ವರ್ಷದಲ್ಲಿ ಕೊಡುವ ಸಂಖ್ಯಾಮಿತಿಯುಳ್ಳ ವೀಸಾಗಳಲ್ಲಿ ಯಾವ ಒಂದು ದೇಶದಲ್ಲಿ ಹುಟ್ಟಿದವರಿಗೂ ಸಾಮಾನ್ಯವಾಗಿ ನೂರಕ್ಕೆ 7ಕ್ಕಿಂತ ಹೆಚ್ಚು ಸಲ್ಲದು. ಕೋಟಿ ಕೋಟಿ ಜನರ ಭಾರತಕ್ಕೂ ಕೆಲವೇ ಲಕ್ಷ ಜನರ ಐಸ್‌ಲೆಂಡಿಗೂ ಒಂದೇ ಅಳತೆ. ನೂರು ಎಕರೆಯ ಊರಿಗೂ ಒಂದು ಎಕರೆಯ ಊರಿಗೂ ಒಂದೇ ಗಾತ್ರದ ತೂಬು ಇಟ್ಟಂತೆ! ಲೆಕ್ಕ ಹಿಡಿಯುವುದು ಹುಟ್ಟಿದ ದೇಶವನ್ನು. ಕೊಣ್ಣೂರಲ್ಲಿ ಹುಟ್ಟಿದವನು ಮುಂದೆ ಕೆನಡಾದ ಪೌರನಾದರೂ ಈ ಪಾಳಿಯಲ್ಲಿ ಸಾಮಾನ್ಯವಾಗಿ ಭಾರತದವನೇ.

ಪಾಳಿ ಎಲ್ಲಿಗೆ ಬಂದಿದೆಯೆಂಬುದನ್ನು ಆ ದೇಶದ ವಿದೇಶಾಂಗ ಇಲಾಖೆ ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. ಪೌರನಾದ ಅಣ್ಣ ತನ್ನ ತಮ್ಮನಿಗಾಗಿ ಅರ್ಜಿ ಹಾಕಬಹುದು. ಆದರೆ 2024ರ ಕೊನೆಯಲ್ಲಿ ಭಾರತದಲ್ಲಿ ಹುಟ್ಟಿದ ಸೋದರ ಸೋದರಿಯರ ಸಾಲು 2006ರ ಅರ್ಜಿಗಳ ಬಳಿ ನಿಂತಿತ್ತು. ಆ ತಿಂಗಳ ಪಟ್ಟಿಯಲ್ಲಿ ದಿನಾಂಕ ಮುಂದೆ ಸರಿಯುವುದುಂಟು, ಹಿಂದೆ ಜಾರುವುದೂ ಉಂಟು. ತಂದೆಯ ಅರ್ಜಿಯ ನೆರಳಿನಲ್ಲಿ ಕಾಯುವ ಮಕ್ಕಳ ಪಾಡು ಇನ್ನೂ ಕಠಿಣ. 21 ವರ್ಷ ತುಂಬಿದರೆ ಮಗು ಕಾನೂನಿನ ದೃಷ್ಟಿಯಲ್ಲಿ ಮಗುವಲ್ಲ. 2002ರ ಒಂದು ಕಾನೂನು ವಯಸ್ಸಿನ ಲೆಕ್ಕದಲ್ಲಿ ಕೊಂಚ ರಿಯಾಯಿತಿ ತೋರಿದೆ. ಅದು ಎಲ್ಲರನ್ನೂ ಉಳಿಸುವುದಿಲ್ಲ. ಮೂರು ವರ್ಷದ ಕೂಸಾಗಿ ಹೋಗಿ, ಅಲ್ಲಿಯ ಶಾಲೆಯಲ್ಲಿ ಬೆಳೆದು, ಕನ್ನಡವನ್ನು ಅಜ್ಜಿಯ ದೂರವಾಣಿಯಿಂದ ಕಲಿತ ಹುಡುಗಿ, ಇಪ್ಪತ್ತೊಂದರ ಹುಟ್ಟುಹಬ್ಬದಂದು ತನ್ನದೆಂದುಕೊಂಡ ನಾಡಿನಲ್ಲಿ ಉಳಿಯುವ ದಾರಿಯನ್ನು ಬೇರೆಯಾಗಿ ಹುಡುಕಬೇಕಾಗುತ್ತದೆ.

ತಂದೆತಾಯಿಗಳಿಗೆ ಈ ಪಾಳಿಯಿಲ್ಲ. ಮಗ ಅಲ್ಲಿಯ ಪೌರನಾಗಿ, 21 ದಾಟಿದ್ದರೆ ಅವರು ಸಂಖ್ಯಾಮಿತಿಯ ಹೊರಗೆ. ಆದರೆ ಇಲ್ಲಿ ಬೇರೆ ತೊಡಕು. ಕಾಯಂ ವಾಸದ ಹಕ್ಕು ವಾಸವನ್ನೇ ಬೇಡುತ್ತದೆ. ನಾನು ಬಲ್ಲ ಒಬ್ಬ ಹಿರಿಯ ತಾಯಿ ಆ ಕಾರ್ಡನ್ನು ಪತ್ತಲ ಇಡುವ ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟಿದ್ದರು. “ಹತ್ತು ವರ್ಷ ನಡೀತದಂತ ಬರದಾರಲ್ಲಪಾ” ಎಂಬುದು ಅವರ ನೆಚ್ಚಿಕೆ. ಹತ್ತು ವರ್ಷ ನಡೆಯುವುದು ಕಾರ್ಡು, ಹಕ್ಕಲ್ಲ. ಮುಂಚಿತವಾಗಿ ಮರುಪ್ರವೇಶದ ಅನುಮತಿ ಪಡೆಯದೆ ಒಂದು ವರ್ಷಕ್ಕೂ ಮೀರಿ ಹೊರಗುಳಿದರೆ, ಅವರು ವಾಸವನ್ನು ತೊರೆದರೆಂದು ಅಲ್ಲಿಯ ಅಧಿಕಾರಿ ಭಾವಿಸಬಹುದು. ಜಾತ್ರೆ, ಮದುವೆ, ಯಜಮಾನರ ಕಾಯಿಲೆ ಎಂದು ಇಲ್ಲೇ ಉಳಿದ ಆ ತಾಯಿಗೆ ಇದನ್ನು ಮೊದಲು ಯಾರೂ ವಿವರಿಸಿರಲಿಲ್ಲ.

ಇನ್ನು ಪೌರತ್ವ. ಕಾಯಂ ವಾಸದ ಐದು ವರ್ಷಗಳ ತರುವಾಯ ಸಾಮಾನ್ಯವಾಗಿ ಅರ್ಜಿ ಹಾಕಬಹುದು. ಇಂದು ಸುಲಭವೆಂದು ತೋರುವ ಈ ಬಾಗಿಲು ನಮ್ಮವರಿಗೆ ಮುಚ್ಚಿದ್ದ ಕಾಲವೊಂದಿತ್ತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿಗೆ, ನೀನು ಬಿಳಿಯನಲ್ಲವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 1923ರಲ್ಲಿ ಪೌರತ್ವವನ್ನು ನಿರಾಕರಿಸಿತು. ಅದರ ಬೆನ್ನಿಗೆ, ಆಗಲೇ ಪೌರರಾಗಿದ್ದ ಭಾರತೀಯರಿಂದಲೂ ಅದನ್ನು ಕಿತ್ತುಕೊಂಡರು. ವೈಷ್ಣೋದಾಸ ಬಗಾಯಿ ಎಂಬ ಸ್ಯಾನ್ ಫ್ರಾನ್ಸಿಸ್ಕೋದ ವರ್ತಕರು ಹಳೆಯ ಪ್ರಜೆತನವನ್ನು ಬಿಟ್ಟುಕೊಟ್ಟು ಹೊಸದನ್ನು ಪಡೆದಿದ್ದರು. ಹೊಸದೂ ಹೋದಮೇಲೆ ಯಾವ ದೇಶದವರೂ ಆಗದೆ 1928ರಲ್ಲಿ ತಮ್ಮ ಕೈಯಾರೆ ಪ್ರಾಣ ನೀಗಿದರು. 1946ರಲ್ಲಿ ಬಾಗಿಲು ಕೊಂಚ ತೆರೆಯಿತು, ವರ್ಷಕ್ಕೆ ನೂರು ಜನರಂತೆ. 1965ರ ಕಾನೂನು ಮೂಲದೇಶವಾರು ಕೋಟಾಗಳನ್ನು ತೆಗೆದುಹಾಕಿದ ತರುವಾಯವೇ ನಮ್ಮ ವೈದ್ಯರೂ ಎಂಜಿನಿಯರರೂ ದೊಡ್ಡ ಸಂಖ್ಯೆಯಲ್ಲಿ ಹೋದದ್ದು.

ಅತ್ತ ಬಾಗಿಲು ತೆರೆದಾಗ ಇತ್ತ ಒಂದು ಬಾಗಿಲು ಮುಚ್ಚುತ್ತದೆ. ನಮ್ಮ ಸಂವಿಧಾನ ಇಬ್ಬಗೆಯ ಪೌರತ್ವವನ್ನು ಒಪ್ಪಿಲ್ಲ. 1955ರ ಪೌರತ್ವ ಕಾನೂನಿನ 9ನೆಯ ಕಲಮಿನ ಪ್ರಕಾರ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಕ್ಷಣವೇ ಭಾರತದ ಪೌರತ್ವ ತಾನಾಗಿ ಅಳಿಯುತ್ತದೆ. ರಾಜೀನಾಮೆ ಬರೆದುಕೊಡುವುದೇನೂ ಬೇಕಿಲ್ಲ. 2005ರ ತಿದ್ದುಪಡಿಯಿಂದ ವ್ಯಾಪಕವಾದ ‘ಸಾಗರೋತ್ತರ ಪೌರ’ ಎಂಬ ಕಾರ್ಡು ಹೆಸರಿನಿಂದ ದಾರಿತಪ್ಪಿಸುವಂಥದು. ಅದು ವೀಸಾದ ತೊಂದರೆಯಿಲ್ಲದೆ ಬಂದುಹೋಗುವ ಸೌಕರ್ಯ ಕೊಡುತ್ತದೆ. ಮತದ ಹಕ್ಕನ್ನು ಕೊಡುವುದಿಲ್ಲ, ಚುನಾವಣೆಗೆ ನಿಲ್ಲಿಸುವುದಿಲ್ಲ.

ನಮ್ಮ ಭಾಗದಲ್ಲಿ ಮತಕ್ಕಿಂತಲೂ ಹತ್ತಿರದ್ದು ಹೊಲ. ವಿದೇಶೀ ವಿನಿಮಯದ ನಿಯಮಗಳ ಪ್ರಕಾರ ಆ ಕಾರ್ಡಿನವನು ಇಲ್ಲಿ ಮನೆ ಕೊಳ್ಳಬಹುದು; ಕೃಷಿಭೂಮಿಯನ್ನು ಕೊಳ್ಳಲಾರ, ಬಕ್ಷೀಸುಪತ್ರದಿಂದ ಪಡೆಯಲೂ ಆರ. ಭಾರತದ ಪೌರನಾಗಿಯೇ ಉಳಿದು ಹೊರದೇಶದಲ್ಲಿ ನೆಲೆಸಿದವನಿಗೂ ಇದೇ ನಿಯಮ. ಕರ್ನಾಟಕ ಸರಕಾರ 2020ರಲ್ಲಿ ಭೂಸುಧಾರಣಾ ಕಾನೂನಿಗೆ ತಿದ್ದುಪಡಿ ತಂದು, ಒಕ್ಕಲುತನ ಮಾಡದವರೂ ಹೊಲ ಕೊಳ್ಳಬಹುದೆಂದಿತು. ಅದು ಕೇಂದ್ರದ ಈ ನಿಯಮವನ್ನು ಸಡಿಲಿಸಿಲ್ಲ. ಆದರೆ ವಾರಸಾಗಿ ಬಂದ ಭೂಮಿಗೆ ತಡೆಯಿಲ್ಲ. ತಂದೆ ಬದುಕಿದ್ದಾಗ ಪ್ರೀತಿಯಿಂದ ಬಕ್ಷೀಸು ಬರೆದುಕೊಟ್ಟರೆ ನಿಯಮಬಾಹಿರ. ಮೃತ್ಯುಪತ್ರದಲ್ಲಿ ಬರೆದಿಟ್ಟರೆ ನಿಯಮಬದ್ಧ. ಕಾಗದದ ಹೆಸರೊಂದು ಬದಲಾದರೆ ಮೂರು ತಲೆಮಾರು ಬೆವರು ಸುರಿಸಿದ ನಾಲ್ಕೆಕರೆ ಕಬ್ಬಿನ ಹೊಲದ ಗತಿಯೇ ಬದಲಾಗುತ್ತದೆ.

ಹೊರಗೆ ಹೋಗಬೇಡಿ ಎನ್ನಲು ನಾನು ಈ ಮಾತುಗಳನ್ನು ಆಡಲಿಲ್ಲ. ವಿದೇಶಕ್ಕೆ ಹೋಗುವ ನಿರ್ಧಾರವನ್ನು ಹೋಗುವವನೊಬ್ಬನ ಖಾಸಗಿ ವ್ಯವಹಾರವೆಂದು ನಾವು ತಿಳಿಯುತ್ತೇವೆ. ಅದು ಹಾಗಲ್ಲ ಎಂಬುದಷ್ಟೇ ನನ್ನ ವಿನಂತಿ. ಮಗನು ಆ ಪ್ರತಿಜ್ಞೆಗೆ ಬಲಗೈ ಎತ್ತುವಾಗ, ಕೊಣ್ಣೂರಿನ ಉತಾರೆಯಲ್ಲಿ ಹೆಸರಿರುವ ತಂದೆ, ಅಣ್ಣನ ಅರ್ಜಿಯನ್ನೇ ನಂಬಿ ಬೇರೆ ದಾರಿ ಹಿಡಿಯದ ತಮ್ಮ, ಇಪ್ಪತ್ತೊಂದನ್ನು ಸಮೀಪಿಸುತ್ತಿರುವ ಮೊಮ್ಮಗಳು, ಎಲ್ಲರೂ ಆ ಪ್ರತಿಜ್ಞೆಯೊಳಗೆ ಇರುತ್ತಾರೆ. ನಿಯಮಗಳು ಸರಕಾರಗಳೊಡನೆ ಬದಲಾಗುತ್ತವೆ. ಅವುಗಳನ್ನು ಬಲ್ಲ ವಕೀಲರನ್ನು ಆಯಾ ಹೊತ್ತಿಗೆ ಕೇಳಲೇಬೇಕು. ಆದರೆ ಅದಕ್ಕೂ ಮೊದಲು ಮನೆಯವರು ಒಂದೆಡೆ ಕುಳಿತು, ಏನನ್ನು ಪಡೆಯುತ್ತೇವೆ, ಏನನ್ನು ಬಿಡುತ್ತೇವೆ ಎಂದು ಲೆಕ್ಕ ಹಾಕಬೇಕು. ಮದುವೆಯ ಯಾದಿಗೆ ಒಂದು ದಿನವೆಲ್ಲ ಕೂಡುವ ನಾವು, ನಾಡನ್ನು ಬದಲಿಸುವ ಕಾಗದಕ್ಕೆ ಒಂದು ಸಂಜೆಯನ್ನಾದರೂ ಕೊಡಲಾರೆವೆ?